ಓದುಗರ ಪ್ರಶ್ನೆ: ಪ್ರೆಸ್ಸಿಗೆ ಯಾವ ಎಮರ್ಜೆನ್ಸಿ ಸ್ಟಾಪ್ ಸ್ವಿಚ್?

ಪ್ರಶ್ನೆ: ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ, ಎರಡು ಪವರ್ ಪ್ರೆಸ್, ಒಂದು ಉದ್ದನೆಯ ಕನ್ವೇಯರ್. ನಮ್ಮಿಂದ ಬಿಡಿಭಾಗ ಕೊಳ್ಳುವ ಕಂಪನಿಯವರು ಪರಿಶೀಲನೆಗೆ ಬಂದಾಗ, ನಮ್ಮ ಎಮರ್ಜೆನ್ಸಿ ಸ್ಟಾಪ್ ನಡೆಯುವುದಿಲ್ಲ ಎಂದರು. ಈಗಿರುವುದು ಒತ್ತಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರುವ ಕೆಂಪು ಬಟನ್. ಏನನ್ನು ನೋಡಿ ಕೊಳ್ಳಬೇಕು?

ಉತ್ತರ: ಅವರು ಹೇಳಿದ್ದು ಸರಿಯಾಗಿದೆ. ಒತ್ತಿದ ಬಟನ್ ಅಲ್ಲೇ ಸಿಕ್ಕಿಕೊಂಡು ನಿಲ್ಲಬೇಕು, ತಿರುಗಿಸಿ ಅಥವಾ ಎಳೆದು ಬಿಡಿಸಿದ ಮೇಲೂ ಯಂತ್ರ ತಾನಾಗಿ ಶುರುವಾಗಕೂಡದು ಎಂಬುದು ಎಮರ್ಜೆನ್ಸಿ ಸ್ಟಾಪ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 13850ರ ನಿಯಮ. ನಿಮ್ಮ ಬಟನ್ ಹಿಂದಕ್ಕೆ ಬಂದ ಮರುಕ್ಷಣ, ಒಳಗೆ ಕೈಯಿಟ್ಟವನನ್ನು ಕಾಣದ ಇನ್ನೊಬ್ಬ ಕೆಲಸಗಾರ ಸ್ಟಾರ್ಟ್ ಒತ್ತಿದರೆ ತಡೆಯುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ.

ಸ್ವಿಚ್ಚನ್ನು ಅದು ಕೆಟ್ಟಾಗ ಏನಾಗುತ್ತದೆ ಎಂದು ಕೇಳಿಕೊಂಡೇ ಆರಿಸಬೇಕು. ಎನ್‌ಒ ಕಾಂಟ್ಯಾಕ್ಟಿನಲ್ಲಿ (ಒತ್ತಿದಾಗ ಮಾತ್ರ ಕೂಡುವ ಸಂಪರ್ಕ) ವೈರ್ ತುಂಡಾದರೆ ಒತ್ತುವವರೆಗೂ ಯಾರಿಗೂ ತಿಳಿಯುವುದಿಲ್ಲ. ಎನ್‌ಸಿಯಲ್ಲಿ (ಸದಾ ಕೂಡಿದ್ದು, ಒತ್ತಿದಾಗ ತೆರೆಯುವ ಸಂಪರ್ಕ) ವೈರ್ ತುಂಡಾದರೆ ಯಂತ್ರ ತಕ್ಷಣ ನಿಲ್ಲುತ್ತದೆ. ಆ ಎನ್‌ಸಿ ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೂ ಬಟನ್ನಿನ ಒತ್ತಡವೇ ಅದನ್ನು ಕಿತ್ತು ತೆರೆಯುವಂತಿರಬೇಕು, ಸ್ಪ್ರಿಂಗನ್ನು ನೆಚ್ಚಬಾರದು. ಅಂಥ ಸ್ವಿಚ್ಚಿನ ಮೇಲೆ ವೃತ್ತದೊಳಗೆ ಬಾಣದ ಗುರುತು ಇರುತ್ತದೆ. ಜೊತೆಗೆ ಇಂಥ ಸ್ವಿಚ್ಚುಗಳ ಮಾನದಂಡವಾದ ಐಇಸಿ 60947-5-5 ಎಂದು ಬರೆದಿದೆಯೇ ನೋಡಿ.

ಪ್ರೆಸ್ ಶಾಪಿನಲ್ಲಿ ಇನ್ನೊಂದು ತೊಂದರೆ ಇದೆ. ಪ್ಯಾನೆಲ್ ತೆಗೆದು ನೋಡಿದರೆ ಕಾಂಟ್ಯಾಕ್ಟ್ ಬ್ಲಾಕ್ ಪುಟ್ಟದೊಂದು ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಬಟನ್ನಿನ ಹಿಂಬದಿಗೆ ಜೋತುಬಿದ್ದಿರುತ್ತದೆ. ಕಂಪನಕ್ಕೆ ಅದು ಕಳಚಿದರೆ ಎನ್‌ಸಿ ಮುಚ್ಚಿಯೇ ಉಳಿಯುತ್ತದೆ. ಮುಂದೆ ಬಟನ್ ಸೊಗಸಾಗಿ ಒಳಗೆ ಹೋಗುತ್ತದೆ, ಪ್ರೆಸ್ ಮಾತ್ರ ಓಡುತ್ತಲೇ ಇರುತ್ತದೆ. ಬ್ಲಾಕ್ ಕಳಚಿದೊಡನೆ ಸರ್ಕ್ಯೂಟನ್ನು ತಾನೇ ಕಡಿಯುವ ಸೆಲ್ಫ್ ಮಾನಿಟರಿಂಗ್ ಬ್ಲಾಕ್ ಸಿಗುತ್ತದೆ. ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ. ಎರಡು ಎನ್‌ಸಿ ಕಾಂಟ್ಯಾಕ್ಟುಗಳನ್ನು ಸೇಫ್ಟಿ ರಿಲೇಗೆ (ಎರಡನ್ನೂ ಹೋಲಿಸಿ ನೋಡುವ ಸಾಧನ) ಕೊಟ್ಟರೆ, ಒಂದು ತೆರೆದು ಇನ್ನೊಂದು ತೆರೆಯದಿದ್ದಾಗ ರಿಲೇ ಮತ್ತೆ ಚಾಲೂ ಮಾಡಲು ಬಿಡುವುದಿಲ್ಲ. ಬಟನ್ನಿನ ಮೇಲೆ ಅಚ್ಚಾಗಿರುವ 10 ಆಂಪಿಯರ್ ನೋಡಿ ಮೋಸಹೋಗಬೇಡಿ, ಅದು ಸಾಮಾನ್ಯವಾಗಿ ಬಿಸಿಯಾಗದೆ ಹರಿಯಬಲ್ಲ ಕರೆಂಟ್ ಅಷ್ಟೆ. ಮೋಟಾರಿಗೆ ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಬೇಕಾದದ್ದು, ಅಂಥ ಹೊರೆಯ ದರ್ಜೆಯಾದ ಎಸಿ-15 ಅಥವಾ, 24 ವೋಲ್ಟ್ ಡಿಸಿ ಆದರೆ, ಡಿಸಿ-13ರ ಮುಂದಿರುವ ಅಂಕಿ. ಎಣ್ಣೆ, ಕೂಲೆಂಟ್ ಸಿಡಿಯುವಲ್ಲಿ, ಧೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ ಐಪಿ 65ಕ್ಕಿಂತ ಕಡಿಮೆ ಬೇಡ. ಕೆಂಪು ಬಟನ್, ಹಿಂದೆ ಹಳದಿ. ಬಟನ್ನಿನ ಎತ್ತರ, ಕೆಲಸಗಾರ ನಿಂತ ನೆಲದಿಂದ 0.6ರಿಂದ 1.7 ಮೀಟರ್.

ಕನ್ವೇಯರಿಗೆ ಒಂದೆರಡು ಬಟನ್ ಸಾಲದು. ಉದ್ದಕ್ಕೂ ಹಗ್ಗದ ಸ್ವಿಚ್ ಹಾಕಿಸಿ. ಹಗ್ಗ ಎಳೆದಾಗ ಮಾತ್ರವಲ್ಲ, ತುಂಡಾದಾಗಲೂ ಬೆಲ್ಟ್ ನಿಲ್ಲುವಂತಹದ್ದೇ ಆಗಬೇಕು.

ಕೊನೆಯದಾಗಿ, ನಿಮ್ಮ ಪ್ರೆಸ್ಸಿನ ಕ್ಲಚ್ ಯಾವುದೆಂದು ನೀವು ತಿಳಿಸಿಲ್ಲ. ಹಳೆಯ ಪಿನ್ ಕ್ಲಚ್ ಆಗಿದ್ದರೆ ಒಮ್ಮೆ ಹಿಡಿದ ಮೇಲೆ ರಾಮ್ (ಮೇಲೆ ಕೆಳಗೆ ಚಲಿಸಿ ಒತ್ತುವ ಭಾಗ) ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುತ್ತದೆ. ಮೋಟಾರಿನ ಕರೆಂಟ್ ಕಡಿದರೂ ತಿರುಗುತ್ತಲೇ ಇರುವ ಭಾರದ ಚಕ್ರ, ಫ್ಲೈವೀಲ್, ಅದನ್ನು ಕೆಳಗಿಳಿಸುತ್ತದೆ. ಆ ಪ್ರೆಸ್ಸಿಗೆ ಎಂಥ ದುಬಾರಿ ಬಟನ್ ಹಾಕಿದರೂ ಬೆರಳು ಉಳಿಯುವುದಿಲ್ಲ, ಆದ್ದರಿಂದ ಹಣವನ್ನು ಮೊದಲು ಡೈ (ತಗಡನ್ನು ಒತ್ತುವ ಅಚ್ಚು) ಸುತ್ತಲಿನ ಗಾರ್ಡಿಗೆ ಹಾಕಿ. ಏರ್ ಕ್ಲಚ್ ಆಗಿದ್ದರೆ, ಬಟನ್ ಒತ್ತಿದಾಗ ಮೋಟಾರಿನ ಜೊತೆಗೆ ಕ್ಲಚ್ಚಿನ ಗಾಳಿಯೂ ಹೊರಹೋಗಿ ಬ್ರೇಕ್ ಹಿಡಿಯುವಂತೆ ವೈರಿಂಗ್ ಮಾಡಿಸಿ.