ಹಕ್ಕಿ ಸಿಗದಿದ್ದರೆ ಪಕ್ಷಿ ಹುಡುಕು

ಪ್ರಶ್ನೆ: ನಾನು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಪುಸ್ತಕದ ಹಿಂದಿರುವ ಪದಸೂಚಿಯ (ಯಾವ ಪದ ಯಾವ ಪುಟದಲ್ಲಿದೆ ಅಂತ ಅಕ್ಷರಕ್ರಮದಲ್ಲಿ ತೋರಿಸುವ ಪಟ್ಟಿ) ಬಗ್ಗೆ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಪದಸೂಚಿ ಎಂದರೇನು ಅಂತ ಕೇಳಿದರೆ ಪಟಪಟ ಒಪ್ಪಿಸುತ್ತಾರೆ. ಪುಸ್ತಕ ಕೊಟ್ಟು ಏನಾದರೂ ಹುಡುಕಿ ಅಂದರೆ ಮಾತ್ರ ಮೊದಲ ಪುಟದಿಂದ ಹಾಳೆ ಮಗುಚುತ್ತಾ ಕೂರುತ್ತಾರೆ. ಏನು ಮಾಡಲಿ? (ಒಬ್ಬ ಶಿಕ್ಷಕಿ)

ಉತ್ತರ: ಒಪ್ಪಿಸುವುದನ್ನು ಬಿಡಿಸಿ ಮೇಡಂ. ಶಾಲೆಯ ಲೈಬ್ರರಿಯಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಪದಸೂಚಿಯ ಅರ್ಥ ಬಾಯಿಪಾಠ ಮಾಡಿ ಅದನ್ನು ಬಳಸಲು ಕಲಿತ ಮಗುವನ್ನು ನೋಡಿಲ್ಲ. ಇಬ್ಬರಿಗೊಂದು ಪುಸ್ತಕ ಕೊಡಿ. ಕತೆ ಪುಸ್ತಕ ಬೇಡ, ಪ್ರಾಣಿಗಳದ್ದೋ ಗ್ರಹಗಳದ್ದೋ ಇರಲಿ. ಜೊತೆಗೆ ಒಂದು ಪ್ರಶ್ನೆ ಕೊಟ್ಟು ನೀವು ಸುಮ್ನೆ ಪಕ್ಕದಲ್ಲಿ ನಿಂತು ನೋಡಿ.

"ಯಾವ ಹಕ್ಕಿ ಹಿಂದಕ್ಕೆ ಹಾರಬಲ್ಲದು?" ಅಂತ ಕೇಳಿದಿರಿ ಅನ್ನಿ. ಮೊದಲು ಒಂದಿಬ್ಬರಾದರೂ 'ಯ' ಅಕ್ಷರಕ್ಕೆ ಹೋಗುತ್ತಾರೆ. ಯಾಕೆ ಹೇಳಿ? ಪ್ರಶ್ನೆ ಶುರುವಾಗುವುದೇ 'ಯಾವ' ಅಂತ. ನಗಬೇಡಿ. ಪ್ರಶ್ನೆಯಲ್ಲಿ ಯಾವ ಪದ ಮುಖ್ಯ ಅಂತ ಆರಿಸುವುದೇ ಮೊದಲ ಪಾಠ, ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಬೇಡದ ಪದಗಳನ್ನು ಮಕ್ಕಳ ಕೈಯಲ್ಲೇ ಅಳಿಸಿ. 'ಹಕ್ಕಿ', 'ಹಾರು' ಇವೆರಡು ಉಳಿಯುತ್ತವೆ.

ಈಗ ಹಕ್ಕಿ ಹುಡುಕುತ್ತಾರೆ, ಇರುವುದಿಲ್ಲ. "ಇಲ್ಲ ಮಿಸ್" ಅಂತ ಪುಸ್ತಕ ಮುಚ್ಚುತ್ತಾರೆ. ಇಲ್ಲಿ ಅವಸರ ಮಾಡಬೇಡಿ. ಬರೆದವರು ಅದನ್ನು ಬೇರೆ ಏನಂತ ಕರೆದಿರಬಹುದು ಅಂತ ಕೇಳಿ. ಯಾರಾದರೂ 'ಪಕ್ಷಿ' ಅಂತಾರೆ. ಹಾಗೆಯೇ ಕಪ್ಪೆ ಸಿಗದಿದ್ದರೆ ಉಭಯವಾಸಿ, ಬಾವಲಿ ಸಿಗದಿದ್ದರೆ ಸಸ್ತನಿ. ನನ್ನ ಲೆಕ್ಕದಲ್ಲಿ ಪದಸೂಚಿ ಕಲಿಯುವುದು ಅಂದರೆ ಇದೇ: ಮೊದಲ ಪದ ಕೈಕೊಟ್ಟಾಗ ಎರಡನೇ ಪದ ಹೊಳೆಯಬೇಕು. ಉಳಿದದ್ದೆಲ್ಲ ಅಭ್ಯಾಸದಿಂದ ಬರುತ್ತದೆ.

'ಪಕ್ಷಿ 9, 22, 40-47' ಅಂತ ಸಿಕ್ಕಿತು. ಮಗು 9ನೇ ಪುಟಕ್ಕೆ ಓಡುತ್ತದೆ. ಅಲ್ಲಿ ಪಕ್ಷಿಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿರುತ್ತದೆ, ಅಷ್ಟೇ. 40-47ರ ಹಾಗೆ ನಡುವೆ ಗೆರೆ ಇರುವ ಸಂಖ್ಯೆ ಕಂಡರೆ ಮೊದಲು ಅಲ್ಲಿಗೆ ಹೋಗಬೇಕು, ಅಲ್ಲೇ ವಿಷಯ ಜಾಸ್ತಿ ಇರೋದು ಅಂತ ತೋರಿಸಿ. 40-47 ಅಂದರೆ 40 ಮತ್ತು 47 ಅಂತ ಎರಡೇ ಪುಟ ಅಂದುಕೊಳ್ಳುವವರೂ ಇರುತ್ತಾರೆ. ಅದರ ಕೆಳಗೆ ಸ್ವಲ್ಪ ಒಳಸರಿಸಿ 'ಗೂಡು 44, ವಲಸೆ 46, ಹಾರಾಟ 41-43' ಅಂತ ಇದ್ದರೆ ಇನ್ನೂ ಒಳ್ಳೆಯದು. ನಮಗೆ ಬೇಕಾದ್ದು ಹಾರಾಟ ತಾನೇ? 42ನೇ ಪುಟದಲ್ಲಿ ಹಮ್ಮಿಂಗ್ ಬರ್ಡ್ ಸಿಕ್ಕೇಬಿಡುತ್ತದೆ. ಇಡೀ ಪುಟ ಓದಬೇಕಿಲ್ಲ, ಬೆರಳಿಟ್ಟು ಪದ ಹುಡುಕಿದರೆ ಸಾಕು.

ಕನ್ನಡ ಪುಸ್ತಕವಾದರೆ ಇನ್ನೊಂದು ತೊಡಕಿದೆ. ಮಕ್ಕಳಿಗೆ ಕಾಗುಣಿತ ಬಾಯಿಗೆ ಬರುತ್ತದೆ: ಕ, ಕಾ, ಕಿ, ಕೀ ಅಂತ ಶುರುವಾಗಿ ಕೌ, ಕಂ, ಕಃ ತನಕ. ಹಾಗಾಗಿ 'ಕಂಬ'ವನ್ನು ಕೊನೆಯಲ್ಲಿ ಹುಡುಕುತ್ತಾರೆ. ಎಷ್ಟೋ ಪುಸ್ತಕಗಳಲ್ಲಿ ಅದು 'ಕಮಲ'ಕ್ಕಿಂತ ಮೊದಲೇ ಬಂದಿರುತ್ತದೆ. ಸೊನ್ನೆಯ ಜಾಗ ಎಲ್ಲ ಪುಸ್ತಕಗಳಲ್ಲೂ ಒಂದೇ ಅಲ್ಲ. ಅದಕ್ಕೇ ಹೊಸ ಪುಸ್ತಕ ಹಿಡಿದಾಗ ಮೊದಲು 'ಅಂ' ಎಲ್ಲಿದೆ ನೋಡಿ ಅನ್ನುತ್ತೇನೆ. ಒತ್ತಕ್ಷರಗಳ ಸರದಿ ಕೌ ಮುಗಿದ ಮೇಲೆ. ಮೇರಿ ಕ್ಯೂರಿಯನ್ನು ಹುಡುಕಲು ಹೇಳಿ ನೋಡಿ, ಮಜಾ ಇರುತ್ತೆ. ಎಲ್ಲರೂ 'ಮ'ಕ್ಕೆ ಹೋಗುತ್ತಾರೆ. ಪದಸೂಚಿಯಲ್ಲಿರುವುದು 'ಕ್ಯೂರಿ, ಮೇರಿ' ಅಂತ. 'ಕ'ಕ್ಕೆ ಬಂದರೂ ಕುದುರೆಯ ಆಸುಪಾಸಿನಲ್ಲೇ ಸುತ್ತುತ್ತಾರೆ. ಆಕೆ ಕೋಳಿಯನ್ನೂ ದಾಟಿ ಕೂತಿರುತ್ತಾಳೆ! ಸಿಕ್ಕ ಮೇಲೆ ಆಕೆಗೆ 1903ರಲ್ಲಿ ಭೌತ ವಿಜ್ಞಾನಕ್ಕೆ, 1911ರಲ್ಲಿ ರಸಾಯನ ವಿಜ್ಞಾನಕ್ಕೆ ಎರಡು ನೊಬೆಲ್ ಬಂದದ್ದನ್ನೂ ಅವರೇ ಓದಿ ಹೇಳುತ್ತಾರೆ.

ಪದಸೂಚಿ ಇರುವ ಪುಸ್ತಕವೇ ಸಿಗದಿದ್ದರೆ ಪಾಠದ ಪುಸ್ತಕಕ್ಕೆ ಮಕ್ಕಳಿಂದಲೇ ಒಂದು ಮಾಡಿಸಿ. ಚೀಟಿಗೊಂದು ಪದ, ಪಕ್ಕದಲ್ಲಿ ಪುಟಸಂಖ್ಯೆ. ಆಮೇಲೆ ನೆಲದ ಮೇಲೆ ಹರಡಿ ಅಕ್ಷರಕ್ರಮದಲ್ಲಿ ಜೋಡಿಸಲಿ. ಯಾವ ಪದ ಇರಬೇಕು, ಯಾವುದು ಬೇಡ ಅಂತ ಜಗಳ ಬಂದೇ ಬರುತ್ತದೆ. ಬರಲಿ, ಅದೇ ಬೇಕಾದ್ದು. ಯಾರು ಬೇಗ ಹುಡುಕುತ್ತಾರೆ ಅನ್ನುವ ಪಂದ್ಯ ಮಾತ್ರ ಶುರುವಿನಲ್ಲಿ ಬೇಡ. ಚುರುಕಿನವರು ಗೆಲ್ಲುತ್ತಾರೆ, ಉಳಿದವರು ಪಕ್ಕದವರ ಪುಸ್ತಕ ಇಣುಕುತ್ತಾರೆ.

ಪ್ರಶ್ನೆ: ಫೋನಿನಲ್ಲಿ ಪದ ಟೈಪ್ ಮಾಡಿದರೆ ಕ್ಷಣದಲ್ಲಿ ಸಿಗುತ್ತದೆ. ಮಕ್ಕಳಿಗೆ ಈ ಕಸರತ್ತು ಯಾಕೆ? (ಒಬ್ಬ ತಂದೆ)

ಉತ್ತರ: ಸಿಗುತ್ತದೆ ಸರ್, ಬೇಡದ್ದೂ ಸಿಗುತ್ತದೆ. ದೇಹದ ಬಗೆಗಿನ ಒಂದು ಪುಸ್ತಕವನ್ನು ಫೋನಿನಲ್ಲಿ ತೆರೆದು 'ಕಿವಿ' ಅಂತ ಹಾಕಿ. "ಮಾತಿಗೆ ಕಿವಿಗೊಡಿ" ಅನ್ನುವ ಸಾಲೂ ಬರುತ್ತದೆ, "ಕಿವಿಮಾತು" ಕೂಡ ಬರುತ್ತದೆ. ಪದಸೂಚಿ ಮಾಡುವವರು ಪುಸ್ತಕ ಓದಿ, ಕಿವಿಯ ವಿಷಯ ನಿಜವಾಗಿ ಎಲ್ಲಿದೆಯೋ ಆ ಪುಟವನ್ನಷ್ಟೇ ಬರೆದಿರುತ್ತಾರೆ. 'ಶ್ರವಣ' ಅಂತಷ್ಟೇ ಇರುವ ಪುಟವನ್ನೂ ಅಲ್ಲಿಗೇ ಸೇರಿಸಿರುತ್ತಾರೆ. ಫೋನು ಬೇಡ ಅನ್ನುತ್ತಿಲ್ಲ. ಯಾವ ಪದ ಹಾಕಬೇಕು ಅಂತ ಹೊಳೆಯದವರಿಗೆ ಫೋನ್ ಕೊಟ್ಟರೂ ಅಷ್ಟೇ, ಅಲ್ವಾ?

ಪ್ರಶ್ನೆ: ಪುಟಸಂಖ್ಯೆ ಇಲ್ಲದ ಕಾಲದಲ್ಲಿ ಹೇಗೆ ಹುಡುಕುತ್ತಿದ್ದರು? (ನಾಲ್ಕನೇ ತರಗತಿ ವಿದ್ಯಾರ್ಥಿ)

ಉತ್ತರ: ಭೇಷ್ ಪುಟ್ಟಾ! ಆಗ ಪುಸ್ತಕಗಳನ್ನು ಕೈಯಲ್ಲೇ ನಕಲು ಮಾಡುತ್ತಿದ್ದರು. ಒಂದು ಪ್ರತಿಯ ಪುಟ ಇನ್ನೊಂದರ ಪುಟಕ್ಕೆ ಹೊಂದುತ್ತಿರಲಿಲ್ಲ. 13ನೇ ಶತಮಾನದಲ್ಲಿ ಪ್ಯಾರಿಸ್ಸಿನ ಡೊಮಿನಿಕನ್ ಎಂಬ ಕ್ರೈಸ್ತ ಸಂಘದ ಸಂನ್ಯಾಸಿಗಳು, ಹ್ಯೂ ಆಫ್ ಸೇಂಟ್ ಷೇರ್ ಎಂಬವರ ಮುಂದಾಳತ್ವದಲ್ಲಿ, ಬೈಬಲ್ಲಿನ ಪದಗಳಿಗೆ ದೊಡ್ಡದೊಂದು ಸೂಚಿ ಮಾಡಿದರು. ಪುಟದ ಬದಲು ಅಧ್ಯಾಯದ ಸಂಖ್ಯೆ ಕೊಟ್ಟರು. ಅಧ್ಯಾಯ ಉದ್ದ ಇರುತ್ತದಲ್ಲ, ಅದಕ್ಕೆ ಪ್ರತಿಯೊಂದನ್ನೂ ಮನಸ್ಸಿನಲ್ಲೇ ಏಳು ಭಾಗ ಮಾಡಿ ಎ ಯಿಂದ ಜಿ ವರೆಗೆ ಅಕ್ಷರ ಇಟ್ಟರು. ಅಕ್ಷರ ನೋಡಿದರೆ ಅಧ್ಯಾಯದ ಶುರುವಿನಲ್ಲೋ ನಡುವೆಯೋ ಕೊನೆಯಲ್ಲೋ ಅಂತ ಗೊತ್ತಾಗುತ್ತಿತ್ತು. ನೀನೂ ಮಾಡಿ ನೋಡು. ನಿನ್ನ ಪುಸ್ತಕದ ಪುಟವನ್ನು ಮೇಲಿಂದ ಕೆಳಕ್ಕೆ ಅ, ಆ, ಇ, ಈ ಅಂತ ನಾಲ್ಕು ಭಾಗ ಅಂದುಕೋ. ಗೆಳೆಯನಿಗೆ '42 ಇ' ಅಂತ ಮಾತ್ರ ಬರೆದುಕೊಡು. ಪದ ಯಾವುದು ಅಂತ ಅವನು ಹುಡುಕಲಿ.