ನಾಗಕನ್ಯೆಯ ಬೆವರಿನಿಂದ ಶುರು ಮಾಡಿ

ಬೀದರಿನ ಯುವ ಬರಹಗಾರರಿಗೆ ಶರಣು.

‘ಗುಟ್ಟು ರಟ್ಟಾದರೆ ಜಾದೂ ಸತ್ತಂತೆ’ ಎಂಬ ನಿಮ್ಮ ಪ್ರಬಂಧ ಕಲಬುರಗಿಯ ನಮ್ಮ ಕಚೇರಿಗೆ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ‘ಸ್ಥಳಾಭಾವ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಐದನೆಯ ಪುಟದ ಒಂದು ಪ್ಯಾರಾ ಹಾಗೆ ಮಾಡಗೊಡಲಿಲ್ಲ. ಇದೇ ಜಾಡಿನ ಬರಹಗಳು ಬೇರೆಯವರಿಂದಲೂ ಬರುತ್ತಿರುವುದರಿಂದ ಉತ್ತರವನ್ನು ಈ ಅಂಕಣದಲ್ಲೇ ಕೊಡುತ್ತಿದ್ದೇನೆ.

ಓದುಗರಿಗಾಗಿ ನಿಮ್ಮ ಪ್ರಬಂಧದ ಸಾರ ಇಷ್ಟು: ಚಿಕ್ಕವರಿದ್ದಾಗ ಶರಣಬಸವೇಶ್ವರ ಜಾತ್ರೆಗೆ ಬಂದು ಡೇರೆಯೊಂದರಲ್ಲಿ ನಾಗಕನ್ಯೆಯನ್ನು ನೋಡಿದಿರಿ. ಮೇಜಿನ ಮೇಲೆ ಸುರುಳಿ ಸುತ್ತಿದ ಹಾವು, ಅದಕ್ಕೆ ಹುಡುಗಿಯ ತಲೆ. ತಲೆ ಮಾತನಾಡುತ್ತದೆ, ಮೇಜಿನ ಕೆಳಗೆ ನೋಡಿದರೆ ಏನೂ ಇಲ್ಲ. ಮೈ ಜುಮ್ಮೆಂದಿತು. ಕಾಲೇಜು ಸೇರಿದ ಮೇಲೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ಅದೆಲ್ಲ ಕನ್ನಡಿಯ ಆಟವೆಂದು ತಿಳಿಯಿತು. ಅಂದಿನಿಂದ ಜಾದೂ ಎಂದರೆ ಸಪ್ಪೆ. ಆದ್ದರಿಂದ ಗುಟ್ಟು ಹೊರಗೆಡಹುವವರೆಲ್ಲ ಆನಂದದ ಕೊಲೆಗಾರರು.

ಸಣ್ಣ ತಕರಾರುಗಳನ್ನು ಮೊದಲು ಮುಗಿಸುತ್ತೇನೆ. ‘ಮಂತ್ರಮುಗ್ಧ’ ಏಳು ಕಡೆ ಬಂದಿದೆ, ಒಂದೂ ಬೇಡ. ‘ವಿಸ್ಮಯವೇ ಬದುಕಿನ ಉಸಿರಲ್ಲವೇ?’ ಎಂಬಂಥ ಪ್ರಶ್ನೆಯನ್ನು ಪ್ರತಿ ಪ್ಯಾರಾದ ಬಾಲಕ್ಕೆ ಕಟ್ಟಿದ್ದೀರಿ. ಬಿಚ್ಚಿಬಿಡಿ.

ದೊಡ್ಡ ತಕರಾರು ಬೇರೆ ಇದೆ. ಗುಟ್ಟು ತಿಳಿಯಿತು ಎನ್ನುತ್ತೀರಲ್ಲ, ನಿಮಗೆ ತಿಳಿದದ್ದಾದರೂ ಏನು? ‘ಕನ್ನಡಿ ಇಟ್ಟಿರುತ್ತಾರೆ’ ಎಂಬುದಷ್ಟೇ. ಇದನ್ನು ತಿಳಿವಳಿಕೆ ಎನ್ನಲಾಗದು, ಸುದ್ದಿ ಎನ್ನಬಹುದು. ನಿಮ್ಮ ಜಾತ್ರೆಯ ನಾಗಕನ್ಯೆಯ ಮನೆತನ ಹಳೆಯದು. 1865ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಸ್ಟೋಡೇರ್ ಎಂಬ ಜಾದೂಗಾರ ಮೇಜಿನ ಮೇಲೆ ಪೆಟ್ಟಿಗೆಯಿಟ್ಟು ಬಾಗಿಲು ತೆರೆದರೆ ಒಳಗೊಂದು ತಲೆ ಕಣ್ಣು ಬಿಟ್ಟು ಮಾತನಾಡುತ್ತಿತ್ತು. ಉಪಾಯ ಥಾಮಸ್ ಟೋಬಿನ್ ಎಂಬವನದು. ಮೇಜಿಗೆ ಮೂರೇ ಕಾಲು, ಅದರಲ್ಲಿ ಒಂದು ಪ್ರೇಕ್ಷಕರ ಕಡೆಗೆ. ಆ ಮುಂಗಾಲಿನಿಂದ ಹಿಂದಿನ ಎರಡು ಕಾಲುಗಳವರೆಗೆ ಓರೆಯಾಗಿ ಎರಡು ಕನ್ನಡಿ. ಅವು ತೋರಿಸುವುದು ಅಕ್ಕಪಕ್ಕದ ಪರದೆಯನ್ನು. ಪಕ್ಕದ ಪರದೆಯೂ ಹಿಂದಿನ ಪರದೆಯೂ ಒಂದೇ ಬಣ್ಣವಾದ್ದರಿಂದ, ಮೇಜಿನ ಕೆಳಗಿನಿಂದ ಹಿಂಬದಿಯ ಪರದೆಯೇ ಕಾಣುತ್ತಿದೆ ಎಂದು ಕಣ್ಣು ನಂಬುತ್ತದೆ. ಕನ್ನಡಿಯ ಹಿಂದೆ ಮನುಷ್ಯ ಕುಳಿತಿರುತ್ತಾನೆ.

ಇಷ್ಟು ತಿಳಿದವನು ಡೇರೆಯೊಳಗೆ ಹೋದರೆ ಸುಮ್ಮನೆ ನಿಲ್ಲಲಾರ. ಮೂರೂ ಕಡೆಯ ಬಟ್ಟೆ ಒಂದೇ ಥಾನಿನದೇ ಎಂದು ನೋಡುತ್ತಾನೆ. ಅಡ್ಡಗಟ್ಟಿದ ಬಿದಿರು ಏಕೆ ಅಲ್ಲೇ ಇದೆ ಎಂದು ಅಳೆಯುತ್ತಾನೆ. ಯಾರಾದರೂ ಬಳಸಿಕೊಂಡು ಮೇಜಿನ ಪಕ್ಕಕ್ಕೆ ಬಂದರೆ ಅವರ ಕಾಲೇ ಕನ್ನಡಿಯಲ್ಲಿ ಮೂಡುತ್ತದೆ. ಒಂದು ಬೆರಳಚ್ಚು ಬಿದ್ದರೂ ಆಟ ಕೆಟ್ಟಿತು. ನಮ್ಮ ಜಾತ್ರೆಯ ಧೂಳಿನಲ್ಲಿ ಆ ಗಾಜನ್ನು ಪ್ರತಿ ಆಟಕ್ಕೂ ಯಾರೋ ಒರೆಸುತ್ತಿರಬೇಕು. ನೀವು ವಿಡಿಯೊ ನೋಡಿ ‘ಓ, ಕನ್ನಡಿ’ ಎಂದು ಮುಂದಿನ ವಿಡಿಯೊಗೆ ಹೋದಿರಿ. ಸಪ್ಪೆಯಾದದ್ದು ಅದಕ್ಕೆ.

ಈಗ ಆ ಪ್ಯಾರಾ. ನಿಮ್ಮ ಸಾಲುಗಳನ್ನೇ ಕೊಡುತ್ತೇನೆ: ‘ಹೋದ ವರ್ಷ ಅಕ್ಕನ ಮಗನನ್ನು ಕರೆದುಕೊಂಡು ಮತ್ತೆ ನಾಗಕನ್ಯೆಯ ಡೇರೆಗೆ ಹೋಗಿದ್ದೆ. ಅವಳ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಒರೆಸಿಕೊಳ್ಳುವಂತಿರಲಿಲ್ಲ, ಹಾವಿಗೆ ಕೈ ಇಲ್ಲವಲ್ಲ. ನಾಲಿಗೆ ಚಾಚಿ ನೆಕ್ಕಿಕೊಂಡಳು. ಮಕ್ಕಳು ಕಿಟಾರನೆ ಕಿರುಚಿದರು.’

ಇದನ್ನು ಬರೆದವರೂ ಆನಂದದ ಕೊಲೆಯ ಬಗ್ಗೆ ಗೋಳಾಡಿದವರೂ ಒಬ್ಬರೇ ಎಂದು ನಂಬುವುದು ಕಷ್ಟವಾಯಿತು. ಆ ಬೆವರನ್ನು ಕಂಡದ್ದು ಗುಟ್ಟು ಗೊತ್ತಿದ್ದ ಕಣ್ಣು. ಮಕ್ಕಳಿಗೆ ಹಾವಿನ ನಾಲಿಗೆ ಕಂಡಿತು. ನಿಮಗೆ, ಹೋಳಿ ಕಳೆದ ಮೇಲಿನ ಕಲಬುರಗಿಯ ಬಿಸಿಲಿನಲ್ಲಿ, ತಾಡಪತ್ರೆಯ ಕೆಳಗೆ, ಕೈಯಿದ್ದೂ ಎತ್ತಲಾಗದ ಹುಡುಗಿ ಕಂಡಳು. ಹೀಗೆ ನಿಮ್ಮ ಶೀರ್ಷಿಕೆಯನ್ನು ನಿಮ್ಮದೇ ಪುಟ ಸುಳ್ಳು ಮಾಡಿದೆ. ಅದು ನಿಮ್ಮ ಗಮನಕ್ಕೆ ಬಾರದೆ ಮರುಸಾಲಿನಲ್ಲೇ ‘ವಿಸ್ಮಯದ ಅವಸಾನ’ದ ಉಪನ್ಯಾಸಕ್ಕೆ ಇಳಿದಿದ್ದೀರಿ.

ನಿಮ್ಮ ಪಕ್ಷಕ್ಕೆ ವಕೀಲರಿಲ್ಲವೆಂದಲ್ಲ. ರೋಮಿನ ತತ್ತ್ವಜ್ಞಾನಿ ಸೆನೆಕ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗೆಳೆಯ ಲುಸಿಲಿಯಸನಿಗೆ ಬರೆದ 45ನೆಯ ಪತ್ರದಲ್ಲಿ ಈ ಮಾತು ಎತ್ತಿದ್ದಾನೆ. ಗಾರುಡಿಗನ ಬಟ್ಟಲು ಹರಳುಗಳ ಆಟದಲ್ಲಿ ತನಗೆ ಖುಷಿ ಕೊಡುವುದು ಮೋಸವೇ, ಅದು ಹೇಗೆಂದು ತಿಳಿದರೆ ಆಟದ ಸುಖ ಹೋಯಿತು ಎನ್ನುತ್ತಾನೆ. ಉಲ್ಲೇಖಿಸುವುದಿದ್ದರೆ ಇವನನ್ನು ಉಲ್ಲೇಖಿಸಿ, ಆ ಅನಾಮಧೇಯ ಸುಭಾಷಿತಗಳನ್ನಲ್ಲ. ಆಮೇಲೆ ಅದೇ ಬಟ್ಟಲುಗಳನ್ನು ಅಮೆರಿಕದ ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರ ಜೋಡಿ ಏನು ಮಾಡಿತು ನೋಡಿ. ಅವರು ಪಾರದರ್ಶಕ ಪ್ಲಾಸ್ಟಿಕ್ ಲೋಟಗಳಲ್ಲಿ ಆ ಆಟ ಆಡಿದರು. ಚೆಂಡು ಯಾವಾಗ ಒಳಗೆ ಹೋಯಿತೆಂಬುದು ಎದುರಿಗೇ ಕಾಣುತ್ತದೆ, ಆದರೂ ಕೈಯ ವೇಗಕ್ಕೆ ಕಣ್ಣು ಸೋಲುತ್ತದೆ. ಸೆನೆಕನ ಮಾತು ಪೂರ್ತಿ ತಪ್ಪೆಂದು ಹೇಳಲಾರೆ. ಜಾತ್ರೆಯ ಅಂಗಡಿಯಲ್ಲಿ ಮಾರುವ ಜಾದೂ ಡಬ್ಬಿಯಂಥ ಆಟಗಳಲ್ಲಿ ಗುಟ್ಟೊಂದನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಅವು ಸಾಯಲಿ ಬಿಡಿ.

ಮೂರನೆಯ ಪುಟದಲ್ಲಿ ‘ಸರ್ಕಾರ್‌ರಂಥ ವಿಶ್ವವಿಖ್ಯಾತರು’ ಎಂದು ಒಂದೇ ಉಸಿರಿನಲ್ಲಿ ದಾಟಿದ್ದೀರಿ. ಹೆಸರು ತಂದ ಮೇಲೆ ಅದರಿಂದ ಕೆಲಸ ತೆಗೆಯಬೇಕು. 1956ರ ಏಪ್ರಿಲ್ 9ರಂದು ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿ ಟಿ.ವಿ.ಯ ನೇರಪ್ರಸಾರದಲ್ಲಿ ಸಹಾಯಕಿಯನ್ನು ಗರಗಸದಿಂದ ಕೊಯ್ದರು. ಎಬ್ಬಿಸಲು ಹೋದರೆ ಹುಡುಗಿ ಏಳಲಿಲ್ಲ, ಮುಖಕ್ಕೆ ಬಟ್ಟೆ ಮುಚ್ಚಿದರು, ಅಷ್ಟರಲ್ಲಿ ಕಾರ್ಯಕ್ರಮದ ಸಮಯ ಮುಗಿಯಿತು. ಹುಡುಗಿ ಸತ್ತಳೆಂದು ಗಾಬರಿಬಿದ್ದ ವೀಕ್ಷಕರಿಂದ ಫೋನಿನ ಮೇಲೆ ಫೋನು. ಹೆಂಗಸನ್ನು ಕೊಯ್ಯುವ ಆಟ ಅದೇ ಲಂಡನ್ನಿನಲ್ಲಿ 1921ರಿಂದ ನಡೆಯುತ್ತಿತ್ತು, ಅದು ಜಾದೂ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎದೆ ಹೊಡೆದುಕೊಂಡಿತು. ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಎದುರಾಳಿ ಸಿಗದು. ಅದನ್ನು ಎದುರಿಸಿ ಬರೆಯಿರಿ.

ಒಂದು ವಿಷಯದಲ್ಲಿ ಮಾತ್ರ ನಿಮ್ಮೊಂದಿಗೆ ರಾಜಿಯಿಲ್ಲ. ಶಾಲೆಗಳಲ್ಲಿ ಪವಾಡ ಬಯಲು ಮಾಡುವವರನ್ನೂ ‘ಮಕ್ಕಳ ಬೆರಗಿನ ಹಂತಕರು’ ಎಂದಿದ್ದೀರಿ. ಡೇರೆಯವನು ಟಿಕೆಟ್ ಹರಿದು ಕೊಟ್ಟೇ ಮೋಸ ಮಾಡುತ್ತಾನೆ. ಬಾಬಾ ರೋಗಿಯ ಮನೆಯ ಬಂಗಾರ ಕೇಳುತ್ತಾನೆ. ಎರಡಕ್ಕೂ ಒಂದೇ ತಕ್ಕಡಿ ಹಿಡಿಯಬೇಡಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದು ಯಾರ ಖುಷಿ ಕೆಡಿಸುವುದಕ್ಕೂ ಅಲ್ಲ. ಅಲ್ಲದೆ ಬಯಲಾದ ಪವಾಡವೂ ನೋಡಲು ಸೊಗಸೇ. ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಗ್ಲಿಸರಿನ್ ಹನಿಸಿದರೆ ತಕ್ಷಣ ಬೆಂಕಿ ಏಳುವುದಿಲ್ಲ. ಕೆಲವು ಕ್ಷಣ ಏನೂ ಇಲ್ಲ, ಆಮೇಲೆ ಹೊಗೆ, ಆಮೇಲೆ ಜ್ವಾಲೆ. ಗ್ಲಿಸರಿನ್ನನ್ನು ತುಪ್ಪವೆಂದು ಸುರಿಯುವ ಬಾಬಾನ ಮಂತ್ರ ಆ ಕ್ಷಣಗಳನ್ನು ತುಂಬಲಿಕ್ಕೆ. ಇದನ್ನು ಅರಿತ ಮಗು ಮಂತ್ರದ ಉದ್ದವನ್ನೂ ಗಮನಿಸುತ್ತದೆ.

ಬೀದರಿನವರಾಗಿ ಬಿದ್ರಿಯನ್ನು ಹೇಗೆ ಮರೆತಿರೋ ಕಾಣೆ. ಸತು ತಾಮ್ರದ ಎರಕ, ಕೊರೆದ ಗೀರಿನಲ್ಲಿ ಬೆಳ್ಳಿ, ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ನೀರು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕುಶಲಕರ್ಮಿ ಎಲ್ಲವನ್ನೂ ಮೊದಲೇ ಹೇಳಿರುತ್ತಾನೆ, ಆದರೂ ಎದುರಿಗೆ ಕುಳಿತವರು ಬಗ್ಗಿ ನೋಡುವುದು ಆ ಘಳಿಗೆಯನ್ನೇ.

ಮಾಡಬೇಕಾದದ್ದು ಇಷ್ಟು. ಮೊದಲ ನಾಲ್ಕು ಪುಟ ಬಿಡಿ, ಬೆವರಿನಿಂದ ಶುರು ಮಾಡಿ. ಕನ್ನಡಿಯ ವಿವರ ಬರಲಿ. ನೂರೈವತ್ತು ವರ್ಷ ದಾಟಿದ ಗುಟ್ಟು ಬರೆದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ. ಆದರೂ ಡೇರೆಯವರ ಹೆಸರು, ಹುಡುಗಿಯ ಊರು ಬೇಡ. ಮುಂದಿನ ಜಾತ್ರೆಗೆ ಹೋಗಿ, ಆಟ ಮುಗಿದ ಮೇಲೆ ಮಾತನಾಡಿಸಿ: ದಿನಕ್ಕೆ ಎಷ್ಟು ಆಟ, ನಡುವೆ ನೀರು ಕುಡಿಸುವವರು ಯಾರು, ಕುತ್ತಿಗೆ ನೋವಿಗೆ ಏನು ಮಾಡುತ್ತಾಳೆ. ಹೇಳದಿದ್ದರೆ ಹೇಳಲಿಲ್ಲ ಎಂದೇ ಬರೆಯಿರಿ. ಪತ್ರಿಕೆಯ ಹೆಸರು ಹೇಳಿಕೊಂಡು ಪುಕ್ಕಟೆ ನುಗ್ಗಬೇಡಿ, ಟಿಕೆಟ್ ಕೊಂಡೇ ಒಳಗೆ ಹೋಗಿ.

— ಸಂಪಾದಕ