ವಿಸಿಟ್ ವೀಸಾದಲ್ಲಿ ದುಬೈಗೆ ಬರಲಾ ಅಂತ ಕೇಳಿದ ತಮ್ಮನಿಗೆ

ಕಾಪುವಿನಿಂದ ನೀನು ಬರೆದದ್ದು ಓದಿದೆ. ಐಟಿಐ ಆಗಿದೆ, ಮಂಗಳೂರಿನ ಏಜೆಂಟ್ ಒಂದೂವರೆ ಲಕ್ಷ ಕೇಳಿದ್ದಾನೆ, ಸದ್ಯ ವಿಸಿಟ್ ವೀಸಾದಲ್ಲಿ ಹೋಗು, ಕೆಲಸದ ವೀಸಾ ಅಲ್ಲೇ ಆಗ್ತದೆ ಅಂದಿದ್ದಾನೆ, ನಂಬಬಹುದಾ, ಊಟ-ರೂಮು ಹೇಗೆ ಅಂತ ಕೇಳಿದ್ದಿ.

ಊಟದ ಚಿಂತೆ ಬೇಡ. ಕುಚ್ಚಲಕ್ಕಿ, ಬಂಗುಡೆ ಎಲ್ಲ ಸಿಗ್ತದೆ. ರೂಮು ದುಬಾರಿ, ಶಾರ್ಜಾದಲ್ಲಿ ಸ್ವಲ್ಪ ಕಡಿಮೆ. ಕಣ್ಣಾರೆ ನೋಡದೆ ಹಂಚಿಕೊಂಡ ರೂಮಿನ ಒಂದು ಮಂಚದ ಜಾಗಕ್ಕೆ, ಅಂದರೆ ಬೆಡ್‌ಸ್ಪೇಸಿಗೆ ಅಡ್ವಾನ್ಸ್ ಕಳಿಸಬೇಡ.

ಏಜೆಂಟನ ಮಾತಿಗೆ ಬರ್ತೇನೆ. ನಾನು ಬಜಪೆ ಏರ್‌ಪೋರ್ಟಿನಿಂದ ಹೊರಟು ಇಲ್ಲಿಗೆ ಬಂದಾಗ ರೂಮಿನಲ್ಲಿ ಮೂಡುಬಿದಿರೆ ಕಡೆಯ ಹುಡುಗನೊಬ್ಬ ಇದ್ದ. ಅವನನ್ನು ಕಳಿಸಿದವ ಊರಿನವನೇ. ತುಳುವಿನಲ್ಲಿ ಮಾತಾಡಿ, ಅಜ್ಜಿಯ ಕಾಲು ಮುಟ್ಟಿ, ಮನೆಯ ಭೂತಕೋಲಕ್ಕೂ ಬಂದು ಊಟ ಮಾಡಿದ್ದ. ಅಂಥವನ ಹತ್ತಿರ ರಸೀದಿ ಕೇಳಲಿಕ್ಕೆ ಮನೆಯವರಿಗೆ ದಾಕ್ಷಿಣ್ಯ. ಇಲ್ಲಿ ಬಂದು ನೋಡಿದರೆ ಆಫರ್ ಲೆಟರಿನ ಕಂಪನಿಯೇ ಇಲ್ಲ. ವೀಸಾ ಮುಗಿದು ದಿನದಿನವೂ ದಂಡ ಏರ್ತಾ ಇತ್ತು, ಅವನು ಮಾತ್ರ ಶುಕ್ರವಾರ ಅಮ್ಮನಿಗೆ ಫೋನ್ ಮಾಡಿ "ಕೆಲಸ ಲಾಯಿಕ್ ಉಂಟು" ಅಂತಿದ್ದ. ಊರಲ್ಲಿ ಏನಂದುಕೊಳ್ತಾರೋ ಅಂತ ನಮ್ಮ ಹತ್ತಿರವೂ ಬಾಯಿ ಬಿಡಲಿಲ್ಲ. ಮೊದಲೇ ಹೇಳಿದ್ದರೆ ನಾಲ್ಕು ಜನ ಸೇರಿ ಟಿಕೆಟ್ ಮಾಡಿ ಕಳಿಸ್ತಿದ್ದೆವು. ಊರಿನವರು ಒಬ್ಬರಿಗೊಬ್ಬರು ಅಷ್ಟು ಆಗ್ತಾರೆ ಇಲ್ಲಿ. ಆ ಹುಡುಗನ ಮುಖ ನನಗಿನ್ನೂ ಮರೆತಿಲ್ಲ.

ಹೊರದೇಶಕ್ಕೆ ಕೆಲಸಕ್ಕೆ ಕಳಿಸುವವನಿಗೆ 1983ರ ವಲಸೆ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಭಾರತ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವನ ಹೆಸರು ಹುಡುಕು. ಲೈಸೆನ್ಸ್ ಇದ್ದವನೂ ಸೇವಾಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ರಸೀದಿಯನ್ನೂ ಕೊಡಬೇಕು. ಮತ್ತೆ ಒಂದೂವರೆ ಲಕ್ಷ ಯಾವ ಲೆಕ್ಕ? ಯುಎಇ ಕಾನೂನಿನಲ್ಲಿ ನೇಮಕಾತಿ ಖರ್ಚು ಕಂಪನಿಯದ್ದು, ನೌಕರನಿಂದ ವಸೂಲಿ ಮಾಡಬಾರದು. ವಿಸಿಟ್ ವೀಸಾದಲ್ಲಿ ದುಡಿಯುವುದಂತೂ ಕಾನೂನಿಗೆ ವಿರುದ್ಧ. ನೀನು ಹತ್ತನೇ ಕ್ಲಾಸ್ ದಾಟಿದವ, ನಿನಗೆ ಹೊರಡುವ ಮೊದಲು ಸರಕಾರದ ವಲಸೆ ಅನುಮತಿಯೇ ಬೇಡ. ಹಾಗಾಗಿ ನಿನ್ನ ಕೆಲಸದ ಕಾಗದ ನೋಡುವವರು ಊರಲ್ಲಿ ಯಾರೂ ಇಲ್ಲ. ಇಂಥ ಏಜೆಂಟರಿಗೆ ಅದೇ ಅನುಕೂಲ.

ಬಂದ ಮೇಲೂ ಜಾಗ್ರತೆ. ಪೊಲೀಸ್, ಬ್ಯಾಂಕ್ ಅಂತ ಫೋನ್ ಮಾಡಿ, ಎಮಿರೇಟ್ಸ್ ಐಡಿ (ಇಲ್ಲಿನ ಗುರುತಿನ ಚೀಟಿ) ಬ್ಲಾಕ್ ಆಗಿದೆ, ಒಟಿಪಿ ಹೇಳು ಅಂತಾರೆ. ಫೋನ್ ಇಟ್ಟುಬಿಡು. ಪಾಸ್‌ಪೋರ್ಟ್ ಕಂಪನಿಯವರು ಇಟ್ಟುಕೊಳ್ಳುವಂತಿಲ್ಲ, ಕೇಳಿದರೂ ಕೊಡಬೇಡ.

ಆಫರ್ ಲೆಟರ್ ನನಗೆ ಕಳಿಸು. ಫ್ರೀ ಝೋನ್ (ಬೇರೆ ನಿಯಮ ಇರುವ ವಿಶೇಷ ವ್ಯಾಪಾರ ವಲಯ) ಕಂಪನಿ ಅಲ್ಲದಿದ್ದರೆ ಅದು ಇಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲೇ ಇರಬೇಕು, ಅದರ ನಂಬರ್ ಹಾಕಿ ನೋಡಿ ಹೇಳ್ತೇನೆ. ಈಗಾಗಲೇ ಗೂಗಲ್ ಪೇಯಲ್ಲಿ ಏನಾದರೂ ಹಾಕಿಬಿಟ್ಟಿದ್ದರೆ ನಾಚಿಕೊಳ್ಳದೆ ಇವತ್ತೇ ಹೇಳು ಮಾರಾಯ, ಮನೆಯಲ್ಲೂ ಹೇಳು. ಏಜೆಂಟ್ ಫೋನ್ ಎತ್ತುವುದು ನಿಲ್ಲಿಸಿದ್ದರಂತೂ ಕಾಯಬೇಡ, ಊರಿನ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ಠಾಣೆಗೂ ಹೋಗು.